ನೆಕ್ಕರೆ ತಿಂದ ಬಾಯಿ

ಶಾಲೆಯಿಂದ ಬರುವ ದಾರಿಯಲ್ಲಿ ಗುಡ್ಡದ ತುಂಬಾ ನೆಕ್ಕರೆ ಗಿಡಗಳು. ನೇರಳೆ ಬಣ್ಣದ ಐದೆಸಳಿನ ಹೂವು. ಹಣ್ಣಾದರೆ ಸಿಪ್ಪೆ ಅಡ್ಡಾದಿಡ್ಡಿ ಒಡೆದು ಒಳಗಿನ ಕಪ್ಪು ತಿರುಳು ಇಣುಕುತ್ತಿತ್ತು. ರುಚಿ ಅಂಥಾದ್ದೇನಲ್ಲ. ಒಂಚೂರು ಸಿಹಿ, ಒಂಚೂರು ಒಗರು. ಆದ್ರೂ ಬಿಡುತ್ತಿರಲಿಲ್ಲ. ನೆಕ್ಕಿ ತಿನ್ನುವುದಕ್ಕೇ ಅದು ನೆಕ್ಕರೆ ಅಂತ ನಾವು ಮಕ್ಕಳು ನಂಬಿದ್ದೆವು. ಮನೆಗೆ ಬಂದು "ಏನೂ ತಿನ್ನಲಿಲ್ಲ" ಅಂದರೆ ಅಮ್ಮ, "ಎಲ್ಲಿ, ನಾಲಿಗೆ ತೋರಿಸು" ಅನ್ನುತ್ತಿದ್ದರು. ಅಲ್ಲಿಗೆ ಕೇಸು ಖುಲ್ಲಾ ಆಗುವ ಮಾತೇ ಇಲ್ಲ.

ಇದರ ಸಸ್ಯಶಾಸ್ತ್ರದ ಹೆಸರು ಮೆಲಸ್ಟೋಮ ಮಲಬಾತ್ರಿಕಮ್. ಔಷಧಿ ಬಾಟಲಿಯ ಚೀಟಿ ಓದಿದ ಹಾಗಿದೆ, ಅಲ್ವಾ? ಆದರೆ ಗ್ರೀಕ್ ಭಾಷೆಯಲ್ಲಿ ಮೆಲಸ್ ಅಂದ್ರೆ ಕಪ್ಪು, ಸ್ಟೋಮ ಅಂದ್ರೆ ಬಾಯಿ. ಕಪ್ಪುಬಾಯಿ! ಗಿಡಗಳಿಗೆಲ್ಲ ಇಂಥ ಹೆಸರಿಟ್ಟ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್‌ನ 1753ರ ಪುಸ್ತಕದಲ್ಲಿ ನಮ್ಮ ಕಳ್ಳತನ ದಾಖಲಾಗಿದೆ.

ಮಲಬಾತ್ರಿಕಮ್ ಅಂದ್ರೆ ಮಲಬಾರಿನದ್ದು ಅಂತ ತುಂಬಾ ದಿನ ಅಂದುಕೊಂಡಿದ್ದೆ. ಅಲ್ಲ. ಕಥೆ ಇನ್ನೂ ಚೆನ್ನಾಗಿದೆ. ಹಿಂದೆ ನಮ್ಮ ದೇಶದಿಂದ ತಮಾಲಪತ್ರ ಹಡಗು ಹತ್ತಿ ರೋಮಿಗೆ ಹೋಗುತ್ತಿತ್ತು. ಅಲ್ಲಿನ ಸಿರಿವಂತರ ತಲೆಗೆ ಹಚ್ಚುವ ಸುಗಂಧ ತೈಲಕ್ಕೆ ಅದು ಬೇಕಿತ್ತು. ಗ್ರೀಕ್ ವ್ಯಾಪಾರಿಗಳ ಕಿವಿಗೆ ತಮಾಲಪತ್ರ 'ತಾ ಮಲಬಾತ್ರ' ಅಂತ ಬಿತ್ತು. ಅವರಲ್ಲಿ 'ತಾ' ಅಂದ್ರೆ ಇಂಗ್ಲಿಷಿನ 'ದ' ಇದ್ದ ಹಾಗೆ. ಸುಮ್ನೆ ಸೇರಿಕೊಂಡ ಅಕ್ಷರ ಅಂತ ಅದನ್ನು ಕಿತ್ತು ಹಾಕಿದರು. ಉಳಿದದ್ದು ಮಲಬಾತ್ರ. ತಲೆ ಕಳೆದುಕೊಂಡ ನಮ್ಮದೇ ಪದ.

ಅದಕ್ಕೇ ನನಗೆ ಸಿಟ್ಟು. ಶಾಲೆಯಲ್ಲಿ ಇಂಥ ಹೆಸರುಗಳನ್ನು ಬಾಯಿಪಾಠ ಮಾಡಿಸಿದರು, ಸ್ಪೆಲ್ಲಿಂಗ್ ತಪ್ಪಿದರೆ ಅಂಕ ಕಳೆದರು. ಅರ್ಥ ಒಂದಕ್ಕೂ ಹೇಳಲಿಲ್ಲ. ಕಪ್ಪುಬಾಯಿ ಅಂತ ಒಮ್ಮೆ ಹೇಳಿದ್ದರೆ ಯಾವ ಮಗು ಮರೆಯುತ್ತಿತ್ತು? ಈಗ ಗುಡ್ಡಕ್ಕೆ ಹೋಗುವ ಮಕ್ಕಳೂ ಕಡಿಮೆ. ನೆಕ್ಕರೆಯೂ ಗೊತ್ತಿಲ್ಲ, ಮೆಲಸ್ಟೋಮವೂ ಗೊತ್ತಿಲ್ಲ.

ಒಂದು ಕೆಲಸ ಮಾಡಿ. ಅಡುಗೆಮನೆಯ ಪಲಾವ್ ಎಲೆಯ ಪಕ್ಕ ಒಂದು ನೆಕ್ಕರೆ ಎಲೆ ಇಟ್ಟು ನೋಡಿ. ಎರಡರಲ್ಲೂ ತೊಟ್ಟಿನಿಂದ ತುದಿಯವರೆಗೆ ಎದ್ದು ಕಾಣುವ ಉದ್ದುದ್ದ ನರಗಳು. ಆ ಪಲಾವ್ ಎಲೆಯೇ ತಮಾಲಪತ್ರ. ಅದರ ಎಲೆಯನ್ನು ಹೋಲುವುದಕ್ಕೇ ನೆಕ್ಕರೆಗೆ ಮಲಬಾತ್ರಿಕಮ್ ಅನ್ನೋ ಹೆಸರು.

ಮೊನ್ನೆ ಇದನ್ನೆಲ್ಲ ಉತ್ಸಾಹದಿಂದ ಅಮ್ಮನಿಗೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು ಅಂದರು: "ಬಾಯಿ ಕಪ್ಪಾಗ್ತದೆ ಅಂತ ಹೇಳ್ಲಿಕ್ಕೆ ಗ್ರೀಕ್ ಎಂತಕ್ಕೆ ಮಾರಾಯ?"