ಅಕ್ಕಿ ಮಾರಿದ ದುಡ್ಡು ಎಲ್ಲಿಗೆ ಹೋಗುತ್ತದೆ?

"ಫ್ರೀ ಅಕ್ಕಿ ಕೊಟ್ರೆ ಅದನ್ನೂ ಮಾರ್ಕೊಂಡು ತಿಂತಾರೆ ಸಾರ್." ಅನ್ನಭಾಗ್ಯದ ಸುದ್ದಿ ಯಾವಾಗ ಬಂದರೂ ಅದರ ಹಿಂದೆಯೇ ಈ ಮಾತು ಬರುತ್ತದೆ. ಮಾತು ಪೂರ್ತಿ ಸುಳ್ಳೇನಲ್ಲ. ಕೆಲವರು ಮಾರುತ್ತಾರೆ. ಮೊಪೆಡ್ಡಿಗೆ ಚೀಲ ಕಟ್ಟಿಕೊಂಡು, ಕೈಯಲ್ಲಿ ತೂಗುವ ಕೊಕ್ಕೆ ಹಿಡಿದು ಬೀದಿ ಬೀದಿ ಸುತ್ತುವವನನ್ನು ನಮ್ಮ ಏರಿಯಾದಲ್ಲಿ ಎಲ್ಲರೂ ನೋಡಿದ್ದಾರೆ. ಅವನಿಗೆ ಕೊಡುವುದು ಕಾನೂನಿಗೆ ವಿರುದ್ಧ ಅನ್ನುವುದೂ ಎಲ್ಲರಿಗೂ ಗೊತ್ತು. ಆದರೆ ಮಾರಿದ ದುಡ್ಡಲ್ಲಿ ಆ ಮನೆಯವರು ಏನು ತಂದರು ಅಂತ ಮಾತ್ರ ಯಾರೂ ಕೇಳುವುದಿಲ್ಲ.

ನನಗೆ ಗೊತ್ತು. ಆ ದುಡ್ಡು ಬಂದು ಬೀಳುವುದು ನನ್ನ ಗಲ್ಲಾಪೆಟ್ಟಿಗೆಗೆ. ಪೀಣ್ಯದ ಹತ್ತಿರ ನಮ್ಮದೊಂದು ಸಣ್ಣ ಪ್ರಾವಿಷನ್ ಸ್ಟೋರ್ ಇದೆ. ಗಿರಾಕಿಗಳೆಂದರೆ ಗಾರ್ಮೆಂಟ್ಸಿಗೆ ಹೋಗುವ ಹೆಂಗಸರು, ಸಣ್ಣ ಫ್ಯಾಕ್ಟರಿಗಳ ಹುಡುಗರು, ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಸಂಸಾರಗಳು. ಇವರ್ಯಾರೂ ನನ್ನ ಹತ್ತಿರ ಅಕ್ಕಿ ಕೇಳುವುದು ಅಪರೂಪ. ಕೇಳುವುದು ಕಾಲು ಕೆ.ಜಿ. ತೊಗರಿಬೇಳೆ, ಅರ್ಧ ಲೀಟರ್ ಎಣ್ಣೆ, ಹತ್ತು ರೂಪಾಯಿಗೆ ಹುಣಸೆಹಣ್ಣು, ಐದು ರೂಪಾಯಿಯ ಸಾಂಬಾರ್ ಪುಡಿ, ಬಟ್ಟೆ ಸೋಪು. ತಿಂಗಳ ಕೊನೆಗೆ ಕಾಲು ಕೆ.ಜಿ. ಹೋಗಿ ನೂರು ಗ್ರಾಂ ಆಗುತ್ತದೆ. ಆಮೇಲೆ ಬೇಳೆ ಮಾತೇ ಇಲ್ಲ. "ಎರಡು ಟೊಮೆಟೊ, ಒಂದು ಈರುಳ್ಳಿ ಕೊಡಿ ಅಣ್ಣ, ಗೊಜ್ಜು ಮಾಡ್ಕೋತೀನಿ. ಪುಸ್ತಕದಲ್ಲಿ ಬರ್ಕೊಳಿ."

ಹೀಗೆ ಚಿಲ್ಲರೆಯಾಗಿ ಕೊಂಡರೆ ದುಬಾರಿ ಬೀಳುತ್ತದೆ. ಐದು ಲೀಟರ್ ಕ್ಯಾನ್ ಒಯ್ಯುವ ಮನೆಗೆ ಎಣ್ಣೆ ಅಗ್ಗ, ಅರ್ಧ ಲೀಟರ್ ಪಾಕೆಟ್ ಒಯ್ಯುವ ಮನೆಗೆ ಜಾಸ್ತಿ. ಗ್ಯಾಸಿನದೂ ಅದೇ ಕಥೆ. ವಿಳಾಸದ ದಾಖಲೆ ಇಲ್ಲದವರು ಕನೆಕ್ಷನ್ ತೆಗೆದುಕೊಳ್ಳಲಾಗದೆ, ಸಣ್ಣ ಸಿಲಿಂಡರಿಗೆ ಕೆ.ಜಿ. ಲೆಕ್ಕದಲ್ಲಿ ತುಂಬಿಸಿಕೊಂಡು ನಮಗಿಂತ ಹೆಚ್ಚು ದುಡ್ಡು ಕೊಡುತ್ತಾರೆ. ಬಡವರು ಅನ್ನುವ ಕಾರಣಕ್ಕೇ ಹೆಚ್ಚು ಬೆಲೆ ತೆರುವುದು ಅಂದರೆ ಇದು.

ಒಂದು ಲೆಕ್ಕ ಹಾಕೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಭಾರತೀಯರ ಊಟ ಹೇಗಿರಬೇಕು ಅಂತ ಹೊಸ ಸಲಹೆಗಳನ್ನು ಹೊರತಂದಿತು. ಅದರ ಪ್ರಕಾರ ದಿನಕ್ಕೆ ಒಬ್ಬರಿಗೆ ಅಕ್ಕಿ, ರಾಗಿ, ಗೋಧಿಯಂಥ ಧಾನ್ಯ 250 ಗ್ರಾಂ ಇದ್ದರೆ ಸಾಕು. ಬೇಳೆಕಾಳು ಅಥವಾ ಮೊಟ್ಟೆ, ಮಾಂಸ 85 ಗ್ರಾಂ ಬೇಕು. ಎಣ್ಣೆ 27 ಗ್ರಾಂ. ಇನ್ನು ತರಕಾರಿ 400 ಗ್ರಾಂ, ಹಣ್ಣು, ಹಾಲು ಬೇರೆ ಇದೆ, ಅದರ ಸುದ್ದಿಗೆ ಈಗ ಹೋಗುವುದು ಬೇಡ. ನಾಲ್ಕು ಜನರ ಮನೆ, ಎಲ್ಲರೂ ದೊಡ್ಡವರೇ ಅಂತ ಇಟ್ಟುಕೊಂಡರೂ ತಿಂಗಳಿಗೆ ಬೇಕಾಗುವ ಧಾನ್ಯ 30 ಕೆ.ಜಿ. ಬೇಳೆಕಾಳು 10 ಕೆ.ಜಿ. ಎಣ್ಣೆ ಮೂರು ಕೆ.ಜಿ. ಮೇಲೆ. 2025ರಲ್ಲಿ ತಲೆಗೆ 10 ಕೆ.ಜಿ. ಲೆಕ್ಕದಲ್ಲಿ ರೇಷನ್ ಅಂಗಡಿಯಿಂದ ಈ ಮನೆಗೆ ಬರುತ್ತಿದ್ದ ಧಾನ್ಯ 40 ಕೆ.ಜಿ. ಬೇಳೆ ಸೊನ್ನೆ. ಎಣ್ಣೆ ಸೊನ್ನೆ.

ಹತ್ತು ಕೆ.ಜಿ. ಮಿಕ್ಕಿತು, ಹತ್ತು ಕೆ.ಜಿ. ಬೇಳೆ ಇಲ್ಲ. ಮೊಪೆಡ್ ಬರುವುದು ಈ ಸಂದಿಯಲ್ಲಿ. ಆ ಮನೆಯ ಹೆಂಗಸು ಅಕ್ಕಿ ಕೊಟ್ಟು ಸಾರಿಗೆ ಬೇಕಾದ್ದನ್ನು ತರುತ್ತಾಳೆ. ಕುಡಿಯುವ ಗಂಡ ಮಾರಿ ಹಾಳು ಮಾಡುವುದಿಲ್ಲವಾ ಅಂದರೆ, ಮಾಡುತ್ತಾನೆ, ಅಂಥವರೂ ಇದ್ದಾರೆ. ನಮ್ಮ ಸಿಟ್ಟೆಲ್ಲ ನಾಲ್ಕೈದು ಕೆ.ಜಿ. ಮಾರುವವರ ಮೇಲೆ. 2023ರಲ್ಲಿ ಯಾದಗಿರಿ ಜಿಲ್ಲೆಯ ಶಹಾಪುರದಲ್ಲಿ ಗೋದಾಮಿನಿಂದಲೇ ಸಾವಿರಾರು ಕ್ವಿಂಟಲ್ ಪಡಿತರ ಅಕ್ಕಿ ಕಾಣೆಯಾಗಿತ್ತಲ್ಲ, ಅದು ಎಷ್ಟು ಜನರಿಗೆ ನೆನಪಿದೆ?

ಅಕ್ಕಿ ಬೇಡ ಅಂತ ನಾನು ಹೇಳುತ್ತಿಲ್ಲ. 2013ರಲ್ಲಿ ರೂಪಾಯಿಗೊಂದು ಕೆ.ಜಿ. ಅಕ್ಕಿ ಶುರುವಾದಾಗ ನಮ್ಮ ಊರ ಕಡೆ ಕೂಲಿಯವರ ಮನೆಗಳಲ್ಲಿ ಏನು ಬದಲಾಯಿತು ಅಂತ ಕಣ್ಣಾರೆ ಕಂಡಿದ್ದೇನೆ. ಬೆಳಗ್ಗೆ ಕೂಲಿ ಸಿಕ್ಕರೆ ಮಾತ್ರ ರಾತ್ರಿ ಒಲೆ ಅನ್ನುವ ಭಯ ಹೋಯಿತು. ಕಡಿಮೆ ಕೂಲಿಗೆ ಕರೆದರೆ "ಬರಲ್ಲ" ಅನ್ನುವ ಧೈರ್ಯ ಬಂತು. ಜಮೀನುದಾರರಿಗೆ ಕೋಪ ಬಂದಿದ್ದು ಅದಕ್ಕೇ. "ಜನ ಸೋಮಾರಿಗಳಾದರು" ಅನ್ನುವ ಮಾತು ಹುಟ್ಟಿದ್ದೂ ಅಲ್ಲೇ. 2020ರ ಲಾಕ್‌ಡೌನಿನಲ್ಲಿ ಈ ಅಕ್ಕಿ ಇರದಿದ್ದರೆ ಏನಾಗುತ್ತಿತ್ತು, ಊಹಿಸಿಕೊಳ್ಳಲೂ ಆಗುವುದಿಲ್ಲ.

ಈಗ ಅಡುಗೆಮನೆಯ ಕಷ್ಟ ಜಾಗ ಬದಲಿಸಿದೆ. 2022-23ರ ಕೇಂದ್ರ ಸರ್ಕಾರದ ಮನೆಖರ್ಚಿನ ಸಮೀಕ್ಷೆ ನೋಡಿ. ಹಳ್ಳಿಯ ಮನೆಯೊಂದು ನೂರು ರೂಪಾಯಿ ಖರ್ಚು ಮಾಡಿದರೆ ಅದರಲ್ಲಿ ತಿನ್ನುವುದಕ್ಕೇ 46 ರೂಪಾಯಿ. ಅಷ್ಟರಲ್ಲಿ ಅಕ್ಕಿ, ಗೋಧಿ, ರಾಗಿಗೆ ಹೋಗುವುದು 5 ರೂಪಾಯಿಗೂ ಕಡಿಮೆ. ಇದು ಪಡಿತರದ ಉಪಕಾರವೂ ಹೌದು. ಉಳಿದದ್ದೆಲ್ಲ ಹಾಲು, ತರಕಾರಿ, ಎಣ್ಣೆ, ಬೇಳೆ, ಮೊಟ್ಟೆ, ಹೊರಗಿನ ತಿಂಡಿ. ಬೆಲೆ ಏರುವುದು ಇವುಗಳದ್ದೇ. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಕಚ್ಚಾ ಅಡುಗೆ ಎಣ್ಣೆಯ ಆಮದು ಸುಂಕ ಏರಿಸಿತು. ಅರ್ಧಕ್ಕಿಂತ ಹೆಚ್ಚು ಎಣ್ಣೆಯನ್ನು ಹೊರಗಿನಿಂದ ತರಿಸಿಕೊಳ್ಳುವ ದೇಶ ನಮ್ಮದು. ನಮ್ಮ ಅಂಗಡಿಯ ಸನ್‌ಫ್ಲವರ್ ಪಾಕೆಟ್ ಮೇಲೆ ಅದು ಕೆಲವೇ ದಿನಗಳಲ್ಲಿ ಕಾಣಿಸಿತು. 2025ರ ಮೇ ಕೊನೆಗೆ ಸುಂಕ ಇಳಿಸಿದರು. ಅದು ಪಾಕೆಟ್‌ವರೆಗೆ ಬರಲು ಅಷ್ಟು ಅವಸರವೇನೂ ಮಾಡಲಿಲ್ಲ! ನಡುವೆ ಏಪ್ರಿಲಿನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಜಾಸ್ತಿಯಾಯಿತು. ಅರ್ಧ ಲೀಟರ್ ಒಯ್ಯುತ್ತಿದ್ದವರು ಮಕ್ಕಳಿಗಷ್ಟೇ ಅಂತ ಸಣ್ಣ ಪಾಕೆಟ್ಟಿಗೆ ಇಳಿದರು.

ಅನ್ನಕ್ಕೆ ಕೊರತೆ ಇಲ್ಲ, ಆದರೂ ಮಕ್ಕಳ ಮೈಯಲ್ಲಿ ರಕ್ತ ಇಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ 100ಕ್ಕೆ 65 ಮಂದಿಗೆ ರಕ್ತಹೀನತೆ. 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಇದಕ್ಕೆ ಅಕ್ಕಿಯನ್ನೇ ಇನ್ನಷ್ಟು ಸುರಿದರೆ ಏನು ಪ್ರಯೋಜನ ಹೇಳಿ?

ಪಕ್ಕದ ತಮಿಳುನಾಡಿನವರು ಇದನ್ನು ಯಾವತ್ತೋ ಅರ್ಥ ಮಾಡಿಕೊಂಡರು. ಅಲ್ಲಿ ರೇಷನ್ ಅಂಗಡಿಯಲ್ಲಿ ಅಕ್ಕಿ ಜೊತೆ ತೊಗರಿಬೇಳೆ ಕೆ.ಜಿ.ಗೆ 30 ರೂಪಾಯಿ, ತಾಳೆ ಎಣ್ಣೆ ಲೀಟರಿಗೆ 25 ರೂಪಾಯಿ. ನಮ್ಮಲ್ಲೂ ಹಿಂದೊಮ್ಮೆ ತಾಳೆ ಎಣ್ಣೆ, ಉಪ್ಪು, ಬೇಳೆ ಕಡಿಮೆ ದರಕ್ಕೆ ಕೊಟ್ಟಿದ್ದುಂಟು. ಆಮೇಲೆ ನಿಂತುಹೋಯಿತು. ನಿಂತಾಗ ಯಾರೂ ಬೀದಿಗಿಳಿಯಲಿಲ್ಲ.

2023ರಲ್ಲಿ ಏನಾಯಿತು ನೆನಪಿರಬಹುದು. ರಾಜ್ಯದ ಹೊಸ ಸರ್ಕಾರ 10 ಕೆ.ಜಿ. ಅಕ್ಕಿ ಕೊಡುತ್ತೇವೆ ಅಂದಿತ್ತು. ಅಕ್ಕಿ ಮಾರುವುದಿಲ್ಲ ಅಂತ ಕೇಂದ್ರ ಕೈಯೆತ್ತಿತು. ಕೊನೆಗೆ ಜುಲೈನಿಂದ ಹೆಚ್ಚುವರಿ ಐದು ಕೆ.ಜಿ. ಬದಲು ತಲೆಗೆ 170 ರೂಪಾಯಿ ಖಾತೆಗೆ ಹಾಕಿದರು. ಎರಡೂ ಕಡೆ ರಾಜಕೀಯ ಜೋರಾಗಿ ನಡೆಯಿತು, ಅದನ್ನು ಬಿಡಿ. ನಾಲ್ಕು ಜನರ ಮನೆಗೆ 680 ರೂಪಾಯಿ. ದುಡ್ಡು ಬಂದ ವಾರ ನಮ್ಮ ಅಂಗಡಿಯಲ್ಲಿ ಬೇಳೆ, ಎಣ್ಣೆ ಅರ್ಧ, ಒಂದು ಕೆ.ಜಿ. ಲೆಕ್ಕದಲ್ಲಿ ಹೋಗುತ್ತಿತ್ತು. ಬಾಕಿ ಪುಸ್ತಕದ ಸಾಲುಗಳಿಗೂ ಗೆರೆ ಬೀಳುತ್ತಿತ್ತು. ಆದರೆ ದುಡ್ಡು ಹೇಳಿದ ತಿಂಗಳಿಗೆ ಬರುತ್ತಿರಲಿಲ್ಲ. ಆಧಾರ್ ಜೋಡಣೆ ಆಗಿಲ್ಲ ಅಂತ ಕೆಲವರಿಗೆ ಬರಲೇ ಇಲ್ಲ. ಬೆಲೆ ಏರಿದರೂ ದುಡ್ಡು 170ರಲ್ಲೇ ನಿಂತಿತ್ತು. ಅದಕ್ಕೇ ನಾನು ದುಡ್ಡಿನ ಪರವಲ್ಲ, ಸಾಮಾನಿನ ಪರ. 2025ರ ಫೆಬ್ರವರಿಯಿಂದ ಮತ್ತೆ ಅಕ್ಕಿಯೇ ಬಂತು. ಮೊಪೆಡ್ಡೂ ಮತ್ತೆ ಬಂತು.

2025ರ ಅಕ್ಟೋಬರಿನಲ್ಲಿ ರಾಜ್ಯ ಸಂಪುಟ, ಹೆಚ್ಚುವರಿ ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ಇಂದಿರಾ ಕಿಟ್ ಕೊಡಲು ತೀರ್ಮಾನಿಸಿತು. ನನಗೆ ನಿಜಕ್ಕೂ ಖುಷಿಯಾಯಿತು. ಸಕ್ಕರೆ ಯಾಕೆ ಅಂತ ಮಾತ್ರ ಅರ್ಥವಾಗಿಲ್ಲ. ಆ ಜಾಗದಲ್ಲಿ ಕಡಲೆಬೀಜ ಇಡಬಹುದಿತ್ತು. ಇನ್ನೊಂದು ಮಾತು. ಬೇಳೆಯನ್ನು ಎಲ್ಲಿಂದ ಕೊಳ್ಳುತ್ತಾರೆ ಅನ್ನುವುದೂ ಮುಖ್ಯ. ಕಲಬುರಗಿ ತೊಗರಿಗೆ 2019ರಲ್ಲೇ ಜಿಐ ಮಾನ್ಯತೆ, ಅಂದರೆ ಆ ಸೀಮೆಯದೇ ಬೆಳೆ ಅನ್ನುವ ಅಧಿಕೃತ ಗುರುತು, ಸಿಕ್ಕಿದೆ. ಆದರೂ 2025ರ ಆರಂಭದಲ್ಲಿ ತೊಗರಿ ದರ ಕ್ವಿಂಟಲಿಗೆ 7,550 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗಿಳಿಯಿತು. ಅಲ್ಲಿ ತೊಗರಿ ಬೆಳೆದವನಿಗೆ ಬೆಲೆ ಇಲ್ಲ, ಅದೇ ಸೀಮೆಯಿಂದ ಬಂದು ಇಲ್ಲಿ ಇಟ್ಟಿಗೆ ಹೊರುವವಳಿಗೆ ನೂರು ಗ್ರಾಂ ಬೇಳೆ. ಸರ್ಕಾರವೇ ರೈತರಿಂದ ಬೆಂಬಲ ಬೆಲೆಗೆ ಕೊಂಡು, ಅಲ್ಲಿಯ ದಾಲ್ ಮಿಲ್ಲುಗಳಲ್ಲೇ ಬೇಳೆ ಮಾಡಿಸಿ ರೇಷನ್ ಅಂಗಡಿಗೆ ಕಳಿಸಿದರೆ ಎರಡೂ ಕಡೆ ಅನುಕೂಲ, ಅಲ್ವಾ? ಟೆಂಡರ್ ಹಿಡಿದವರು ಹಳೇ ಬೇಳೆ ತುಂಬಿ ಕಳಿಸಿದರೆ ಮಾತ್ರ, ಅದನ್ನು ಕೊಳ್ಳಲೂ ಮೊಪೆಡ್ ಬರುತ್ತದೆ.

ಕಾರ್ಡೇ ಇಲ್ಲದವರ ಪಾಡು ಬೇರೆ. ಬಿಪಿಎಲ್ ಕಾರ್ಡಿಗೆ ಮನೆಯ ವರ್ಷದ ಆದಾಯ 1.20 ಲಕ್ಷ ದಾಟಬಾರದು ಅನ್ನುತ್ತದೆ ನಿಯಮ. ಅಂದರೆ ತಿಂಗಳಿಗೆ 10,000. ಬೆಂಗಳೂರಿನಲ್ಲಿ ಸರ್ಕಾರವೇ ನಿಗದಿ ಮಾಡಿದ ಕನಿಷ್ಠ ವೇತನ ಇದಕ್ಕಿಂತ ಜಾಸ್ತಿ. ಹಾಗಾದರೆ ಕಾನೂನಿನ ಪ್ರಕಾರ ಸಂಬಳ ಪಡೆಯುವ ಗಾರ್ಮೆಂಟ್ಸ್ ಹೆಂಗಸು ಬಡವಳೇ ಅಲ್ಲ! ಸಂಬಳ ಬ್ಯಾಂಕಿಗೆ ಬರುತ್ತದೆ, ಪಿಎಫ್ ಕಟ್ಟಾಗುತ್ತದೆ, ಎಲ್ಲವೂ ದಾಖಲೆಯಲ್ಲಿದೆ. ಅದರಲ್ಲಿ ಅರ್ಧದ ಹತ್ತಿರ ಬಾಡಿಗೆಗೆ ಹೋಗುತ್ತದೆ ಅನ್ನುವುದು ಯಾವ ದಾಖಲೆಯಲ್ಲೂ ಇಲ್ಲ. 2024ರ ನವೆಂಬರಿನಲ್ಲಿ ಕಾರ್ಡುಗಳು ರದ್ದಾದಾಗ ಎಷ್ಟು ಗಲಾಟೆಯಾಯಿತು. ಆಮೇಲೆ ಸರ್ಕಾರವೇ ಹಿಂದೆ ಸರಿಯಿತು, ಅರ್ಹರ ಕಾರ್ಡು ವಾಪಸ್ ಕೊಡುತ್ತೇವೆ ಅಂದಿತು. 1.20 ಲಕ್ಷದ ಗೆರೆಯನ್ನು ಮಾತ್ರ ಮುಟ್ಟಲಿಲ್ಲ. ನಗರಕ್ಕೆ ಬೇರೆ ಮಿತಿ ಬೇಕು, ಬಾಡಿಗೆ ಮನೆಯವರಿಗೆ ವಿನಾಯಿತಿ ಬೇಕು. ಕಾರು ಇದ್ದವರು, ತೆರಿಗೆ ಕಟ್ಟುವವರು ಕಾರ್ಡ್ ಇಟ್ಟುಕೊಂಡಿದ್ದರೆ ಧಾರಾಳವಾಗಿ ರದ್ದು ಮಾಡಲಿ.

ಇಂದಿರಾ ಕ್ಯಾಂಟೀನ್ ಇದೆಯಲ್ಲ ಅನ್ನುತ್ತಾರೆ. 2017ರಲ್ಲಿ ಶುರುವಾದಾಗ ತಿಂಡಿಗೆ 5, ಊಟಕ್ಕೆ 10 ರೂಪಾಯಿ ಇಟ್ಟರು. ಒಂಟಿಯಾಗಿರುವ ಹುಡುಗರಿಗೆ, ಆಟೋದವರಿಗೆ, ಆಸ್ಪತ್ರೆಗೆ ಬಂದವರಿಗೆ ಅದು ದೊಡ್ಡ ಆಸರೆ. ಬೆಳಗ್ಗೆ ಆರಕ್ಕೆ ಎದ್ದು ಮೂರು ಡಬ್ಬಿ ಕಟ್ಟಿ ಕೆಲಸಕ್ಕೆ ಓಡುವವಳಿಗೆ ಬೇಕಾಗಿರುವುದು ಮನೆಯಲ್ಲಿ ಬೇಳೆ.

ಹಬ್ಬಕ್ಕೋ ಹುಟ್ಟುಹಬ್ಬಕ್ಕೋ ಕಿಟ್ ಹಂಚುವ ಪುಣ್ಯಾತ್ಮರಿಗೂ ಒಂದು ಮಾತು. ಹಂಚಿ, ಒಳ್ಳೆಯದೇ. ಚೀಲದ ಮೇಲೆ ನಿಮ್ಮ ಫೋಟೊ ಹಾಕಿಸುವ ದುಡ್ಡಲ್ಲಿ ಇನ್ನೊಂದು ಕೆ.ಜಿ. ಹೆಸರುಕಾಳು ಬರುತ್ತದೆ.

"ರೇಷನ್ನಲ್ಲೇ ಬೇಳೆ, ಎಣ್ಣೆ ಕೊಟ್ಟುಬಿಟ್ಟರೆ ನಿಮ್ಮ ವ್ಯಾಪಾರದ ಗತಿ ಏನಣ್ಣ?" ಅಂತ ಪಕ್ಕದ ಬೇಕರಿಯವರು ಕೇಳಿದರು. ಬೇಳೆ, ಎಣ್ಣೆ ವ್ಯಾಪಾರ ಬೀಳುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಅವರ ಹತ್ತಿರ ಉಳಿದ ದುಡ್ಡು ಪೀಣ್ಯ ದಾಟಿ ಎಲ್ಲೂ ಹೋಗುವುದಿಲ್ಲ. ಖಾತೆಗೆ 170 ಬರುತ್ತಿದ್ದ ದಿನಗಳಲ್ಲಿ ನಾನು ಮೊಟ್ಟೆ ಟ್ರೇ ಎರಡು ಹೆಚ್ಚು ಹಾಕಿಸಿಕೊಳ್ಳುತ್ತಿದ್ದೆ, ಒಂದೂ ಉಳಿಯುತ್ತಿರಲಿಲ್ಲ. ಈಗ ಬೇಳೆ ರೇಷನ್ನಲ್ಲಿ ಬರಲಿ. ನಾನು ಮೊಟ್ಟೆ ಮಾರಿಕೊಳ್ಳುತ್ತೇನೆ.