ಐರನ್ ಮ್ಯಾನ್ ಹೆಲ್ಮೆಟ್‌ಗೆ ಹಾಟ್ ಗ್ಲೂ ಸಾಲದು

ಇವಿಎ ಫೋಮ್ ಎಂಬ ಹಗುರವಾದ, ಮೆತ್ತನೆಯ ಹಾಳೆಯಲ್ಲಿ ಐರನ್ ಮ್ಯಾನ್ ಹೆಲ್ಮೆಟ್ ಮಾಡಲು ಹಾಟ್ ಗ್ಲೂ (ಕಾಯಿಸಿ ಕರಗಿಸಿ ಹಚ್ಚುವ ಅಂಟು) ಸಾಕು ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಇದನ್ನು ಒಪ್ಪಲಾಗದು. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಆ ಅಂಟು ಮೆತ್ತಗಾಗಿ ಬೆಸುಗೆ ಬಿಟ್ಟುಕೊಳ್ಳುತ್ತದೆ. ಬಿಡದಿದ್ದರೂ ಅಂಚಿನುದ್ದಕ್ಕೂ ಗಂಟುಗಂಟಾಗಿ ಎದ್ದು ಕಾಣುತ್ತದೆ, ಬಣ್ಣ ಬಳಿದರೂ ಮುಚ್ಚುವುದಿಲ್ಲ.

ಚಪ್ಪಲಿ ಹೊಲಿಯುವವರು ಬಳಸುವ ರಬ್ಬರ್ ಅಂಟೇ ಇದಕ್ಕೆ ಸರಿ. ಎರಡೂ ಅಂಚಿಗೆ ತೆಳುವಾಗಿ ಸವರಿ, ಬೆರಳಿಗೆ ಅಂಟದಷ್ಟು ಒಣಗುವವರೆಗೆ ಸುಮಾರು ಹತ್ತು ನಿಮಿಷ ಬಿಡಬೇಕು. ಆಮೇಲೆ ಒಂದು ತುದಿಯಿಂದ ಸ್ವಲ್ಪ ಸ್ವಲ್ಪವೇ ಒತ್ತುತ್ತಾ ಬನ್ನಿ. ಒಮ್ಮೆ ಕೂತರೆ ಸರಿಸಲು ಬರುವುದಿಲ್ಲ. ಹಸಿಯಾಗಿರುವಾಗಲೇ ಜೋಡಿಸುವುದರಿಂದಲೇ ಹೆಚ್ಚಿನವರ ಕೆಲಸ ಕೆಡುವುದು. ಕಿಟಕಿ ತೆರೆದಿರಲಿ, ಆ ವಾಸನೆ ತಲೆಗೇರುತ್ತದೆ.

ಹೀಟ್ ಗನ್‌ನಿಂದ (ಬಿಸಿಗಾಳಿ ಊದುವ ಉಪಕರಣ) ಫೋಮ್ ಕಾಯಿಸಿ ಬಾಗಿಸುವ ಕೆಲಸವೆಲ್ಲ ಅಂಟಿಸುವ ಮೊದಲೇ ಮುಗಿಯಲಿ, ನಂತರ ಕಾಯಿಸಿದರೆ ಬೆಸುಗೆ ಸಡಿಲವಾಗುತ್ತದೆ. ಬ್ಲೇಡ್ ಆಗಾಗ ಬದಲಿಸಿ. ಮೊಂಡಾದದ್ದು ಫೋಮನ್ನು ಕತ್ತರಿಸುವ ಬದಲು ಹರಿಯುತ್ತದೆ.

ಅಳತೆಯ ಬಗ್ಗೆ ಲೇಖನ ಏನೂ ಹೇಳಿಲ್ಲ, ಅದೇ ದೊಡ್ಡ ಕೊರತೆ. 5 ಮಿ.ಮೀ. ದಪ್ಪದ ಫೋಮ್ ಸುತ್ತಿದಾಗ ಹೊರಸುತ್ತಳತೆಗಿಂತ ಒಳಸುತ್ತಳತೆ 3 ಸೆಂ.ಮೀ.ನಷ್ಟು ಕಡಿಮೆಯಾಗುತ್ತದೆ. ತಲೆ 58 ಸೆಂ.ಮೀ. ಇದ್ದರೆ ಮಾದರಿ ಕಾಗದ ಕನಿಷ್ಠ 61 ಇರಬೇಕು, ಒಳಗೆ ಸ್ಪಂಜು ಹಾಕುವುದಾದರೆ ಇನ್ನೂ ಹೆಚ್ಚು.

ಬಣ್ಣಕ್ಕೆ ಮುಂಚೆ ನೀರು ಬೆರೆಸಿದ ಬಿಳಿ ಫೆವಿಕಾಲ್ ನಾಲ್ಕೈದು ಸಲ ಬಳಿಯಿರಿ, ಪ್ರತಿ ಸಲವೂ ಪೂರ್ತಿ ಒಣಗಲಿ. ಇಲ್ಲದಿದ್ದರೆ ಫೋಮ್ ಬಣ್ಣ ಹೀರಿಕೊಂಡು ಮಂಕಾಗುತ್ತದೆ. ಚಿನ್ನದ ಬಣ್ಣದ ಮುಖವಾಡದ ಅಡಿಗೆ ಹೊಳಪಿನ ಕಪ್ಪು ಬಳಿದು ನೋಡಿ, ಲೋಹದ ಮಿಂಚು ಆಗಲೇ ಬರುವುದು.