ಹೊಳೆ ಇಳಿದಾಗ

ಶ್ರೀರಂಗಪಟ್ಟಣಕ್ಕೆ ಹೋದವರು ರಂಗನಾಥನ ದರ್ಶನ ಮಾಡಿ, ಗುಂಬಜ್ ನೋಡಿ, ಸಂಗಮದಲ್ಲಿ ಕಾಲು ನೆನೆಸಿ, ದಾರಿಯಲ್ಲಿ ಮದ್ದೂರು ವಡೆ ತಿಂದು ವಾಪಸ್ಸಾಗುತ್ತಾರೆ. ತಪ್ಪೇನಿಲ್ಲ. ಆದರೆ ಕಂಪನಿ ಸರ್ಕಾರ ಈ ಸೀಮೆಗೆ ಹೇಗೆ ಕಾಲಿಟ್ಟಿತು ಅಂತ ನೋಡಬೇಕಾದರೆ ಕಾರು ಬಿಟ್ಟು ಹೊಳೆದಂಡೆ ಹಿಡಿಯಬೇಕು.

ಕೋಟೆಯ ವಾಯುವ್ಯ ಮೂಲೆಯಿಂದ ಶುರು ಮಾಡಿ. 1799ರ ಮೇ 4ರ ಮಧ್ಯಾಹ್ನ ಟಿಪ್ಪು ಸುಲ್ತಾನನ ಈ ಕೋಟೆಗೆ ಕಂಪನಿ ದಂಡು ನುಗ್ಗಿದ್ದು ಅಲ್ಲೇ. 1907ರಲ್ಲಿ ಮೈಸೂರು ಸರ್ಕಾರ ನಿಲ್ಲಿಸಿದ ಸ್ಮಾರಕ ಕಂಬ ಇದೆ. ಕೆಳಗೆ ಬಂಡೆಗಳ ನಡುವೆ ಕಾವೇರಿ. ಬೇಸಿಗೆಯಲ್ಲಿ ಪಂಚೆ ಎತ್ತಿ ಕಟ್ಟಿದರೆ ದಾಟಿಬಿಡಬಹುದೇನೋ ಅನ್ನಿಸುತ್ತದೆ. ಅವತ್ತಿನ ಯುದ್ಧವೆಲ್ಲ ನಿಂತಿದ್ದು ಈ ನೀರಿನ ಲೆಕ್ಕದ ಮೇಲೆ. ಇನ್ನು ಕೆಲವು ವಾರ ತಡವಾಗಿದ್ದರೆ ಕೊಡಗಿನಲ್ಲಿ ಮಳೆ ಹಿಡಿದು ಹೊಳೆ ತುಂಬುತ್ತಿತ್ತು. ದಂಡಿನ ದವಸವೂ ತಳ ಕಂಡಿತ್ತು. ಕಂಪನಿ ದಂಡಿನ ದಳಪತಿ ಜನರಲ್ ಹ್ಯಾರಿಸ್ ಗಂಟುಮೂಟೆ ಕಟ್ಟಬೇಕಾಗುತ್ತಿತ್ತು.

ಹೊಳೆಗಿಳಿದವರ ಮುಂದಾಳು ಡೇವಿಡ್ ಬೇರ್ಡ್. 1780ರಲ್ಲಿ ಪೊಲ್ಲಿಲೂರಿನಲ್ಲಿ ಕಂಪನಿ ದಂಡು ಹೈದರ್, ಟಿಪ್ಪು ಕೈಲಿ ಸೋತಾಗ ಸಿಕ್ಕಿಬಿದ್ದು, ಇದೇ ಊರಲ್ಲಿ ವರ್ಷಗಟ್ಟಲೆ ಸೆರೆಯಲ್ಲಿದ್ದವನು. ಊರು ಗೆದ್ದುಕೊಟ್ಟರೂ ಅದರ ಅಧಿಕಾರ ಹೋಗಿದ್ದು ಗವರ್ನರ್ ಜನರಲ್ಲನ ತಮ್ಮ ಆರ್ಥರ್ ವೆಲ್ಲೆಸ್ಲಿಗೆ. ದೊಡ್ಡವರ ಮನೆಯವರಿಗೆ ಯಾವ ಕಾಲದಲ್ಲೂ ಹಾಗೇ, ಅಲ್ವಾ? ಈ ತಮ್ಮ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ನಲ್ಲಿ ಬಿಡಾರ ಹೂಡಿದ. ಅದರ ಗೋಡೆ ತುಂಬ ಪೊಲ್ಲಿಲೂರಿನ ಚಿತ್ರ; ಸೋತ ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿ ಕೂತಿದ್ದಾನೆ. ತಮ್ಮವರ ಸೋಲಿನ ಆ ಚಿತ್ರವನ್ನು ವೆಲ್ಲೆಸ್ಲಿ ಅಳಿಸಲಿಲ್ಲ, ರಿಪೇರಿ ಮಾಡಿಸಿದ! ಗೆದ್ದವನಿಗೆ ಆ ಧಾರಾಳತನ ಸುಲಭ ಅಂತ ನನಗನ್ನಿಸುತ್ತದೆ.

1804ರಲ್ಲಿ ದಿವಾನ್ ಪೂರ್ಣಯ್ಯ ಕಟ್ಟಿಸಿದ ಕಲ್ಲು ಸೇತುವೆಗೆ ಅಣ್ಣ ವೆಲ್ಲೆಸ್ಲಿಯ ಹೆಸರಿಟ್ಟರು. ಕಮಾನಿಲ್ಲ, ಬರೀ ಕಲ್ಲಿನ ಕಂಬಗಳು. ಹೊಳೆ ಎಷ್ಟು ಸಲ ಬಂದು ಹೋಗಿದೆಯೋ, ಅವು ನಿಂತೇ ಇವೆ.

ನನಗೆ ಇಷ್ಟವಾದ ಜಾಗ ಮಾತ್ರ ಹೆದ್ದಾರಿಯ ಹತ್ತಿರ, ಹೊಳೆ ಪಕ್ಕದ ಗ್ಯಾರಿಸನ್ ಸ್ಮಶಾನ, ಅಂದರೆ ಇಲ್ಲಿ ಬೀಡುಬಿಟ್ಟಿದ್ದ ದಂಡಿನವರ ಸ್ಮಶಾನ. ಸುಮಾರು 300 ಗೋರಿ. ಅಲ್ಲಿ ಡಿ ಮ್ಯೂರನ್ ರೆಜಿಮೆಂಟಿನವರೂ ಇದ್ದಾರೆ. ಅದು ಸ್ವಿಸ್ ಪಡೆ. ಮೊದಲು ಡಚ್ಚರ ಸಂಬಳಕ್ಕೆ ದುಡಿದು, 1795ರಲ್ಲಿ ಇಂಗ್ಲಿಷರ ಕಡೆ ಬಂತು. ಹಿಮದ ಬೆಟ್ಟದ ನಾಡಿನವರು ಯಾರದೋ ಜಗಳಕ್ಕೆ ಕೂಲಿಗೆ ಬಂದು ಮಂಡ್ಯದ ಮಣ್ಣು ಸೇರಿದ್ದಾರೆ.

ಯುದ್ಧ ಮುಗಿದ ಮೇಲೂ ಸಾವು ನಿಲ್ಲಲಿಲ್ಲ. ಕೋಟೆಗೆ ಹೆದರದ ದಂಡು ಸೊಳ್ಳೆಗೆ, ಚಳಿಜ್ವರಕ್ಕೆ ಹೆದರಿತು. 1809ರಲ್ಲಿ ಗಾಡಿ ಹೂಡಿಕೊಂಡು ಬೆಂಗಳೂರಿಗೆ ಹೊರಟೇಬಿಟ್ಟಿತು. ಬೆಂಗಳೂರಿನ ದಂಡು ಪ್ರದೇಶ ಬೆಳೆದಿದ್ದು ಆಮೇಲೆ.

ಹೋಗುವವರು ನೀರಿನ ಬಾಟಲಿ, ಟೋಪಿ ಮರೆಯಬೇಡಿ. ಮೇ ತಿಂಗಳ ಮಧ್ಯಾಹ್ನವಂತೂ ಬೇಡವೇ ಬೇಡ. ಹ್ಯಾರಿಸ್‌ಗಾದರೆ ಬೇರೆ ದಾರಿ ಇರಲಿಲ್ಲ.